ಒಂದೇ ಉತ್ತರಕ್ಕೆ ಎದುರುಬದುರು ಕಾದವರು

ಫೆಬ್ರವರಿಯ ಎರಡನೇ ವಾರ. ಹುಡುಗ ಕುರ್ಚಿಯಲ್ಲಿ ಕೂತು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದ. ಎರಡು ನಿಮಿಷ ಆಗಿರಲಿಲ್ಲ, ತಿರುಗಿಸಿ ನೋಡಿದ. ಹೆಬ್ಬೆರಳಲ್ಲಿ ಪುಟವನ್ನು ಕೆಳಗೆ ಎಳೆದು ಬಿಟ್ಟ. ಸಣ್ಣ ಚಕ್ರವೊಂದು ಗಿರ್ರೆಂದು ಸುತ್ತಿ ನಿಂತಿತು. ಮತ್ತೆ ಬೋರಲು. ನಾನು ಸುಮ್ನೆ ಎಣಿಸುತ್ತಾ ಹೋದೆ. ಐವತ್ತು ನಿಮಿಷದಲ್ಲಿ ಹನ್ನೊಂದು ಸಲ.

ಕುಟುಂಬದ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಹೆಸರೂ ಬೇಡ, ಹುಡುಗ ಎಂದರೆ ಸಾಕು. ವಯಸ್ಸು 17. ಹುಟ್ಟಿದ್ದು, ಬೆಳೆದದ್ದು ಅಮೆರಿಕದಲ್ಲಿ. ಅಪ್ಪ ಅಮ್ಮ ಹಾಸನದ ಕಡೆಯವರು. ಹೈಸ್ಕೂಲಿನ ಕೊನೆಯ ವರ್ಷ. ರಾತ್ರಿ ಮೂರು ಗಂಟೆಗೂ ಅವನ ರೂಮಿನ ದೀಪ ಆರಿರುವುದಿಲ್ಲ, ತಟ್ಟೆಯಲ್ಲಿ ಅರ್ಧ ಬಿಟ್ಟು ಏಳುತ್ತಾನೆ ಅಂತ ಅಮ್ಮ ನನ್ನ ಹತ್ತಿರ ಆಪ್ತಸಮಾಲೋಚನೆಗೆ ಕರೆದುಕೊಂಡು ಬಂದಿದ್ದರು.

ಅವನು ಕಾಯುತ್ತಿದ್ದದ್ದು ಅಮೆರಿಕದ ಭೂಸೇನೆಯ ಆರ್‌ಒಟಿಸಿ ಸ್ಕಾಲರ್‌ಶಿಪ್‌ಗೆ. ಗೊತ್ತಿಲ್ಲದವರಿಗಾಗಿ ಒಂದೆರಡು ಮಾತು ಹೇಳಿಬಿಡುತ್ತೇನೆ. ಅಲ್ಲಿ ಸೇನಾಧಿಕಾರಿ ಆಗಬೇಕೆಂದರೆ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಗೇ ಹೋಗಬೇಕೆಂದೇನಿಲ್ಲ. ಮಾಮೂಲಿ ಕಾಲೇಜಿನಲ್ಲಿ ಡಿಗ್ರಿ ಓದುತ್ತಲೇ ಜೊತೆಗೆ ತರಬೇತಿ ಪಡೆದು, ಓದು ಮುಗಿಯುವಾಗ ಸೆಕೆಂಡ್ ಲೆಫ್ಟಿನೆಂಟ್ ಆಗಬಹುದು. 1916ರ ಒಂದು ಕಾನೂನಿನಿಂದ ಶುರುವಾದ ವ್ಯವಸ್ಥೆ ಇದು. ನಮ್ಮ ಎನ್‌ಸಿಸಿ ಥರ ಇರಬೇಕು ಅಂದುಕೊಂಡು ಅಪ್ಪ ಮೊದಲು ಹೂಂ ಅಂದಿದ್ದರಂತೆ. ಅಷ್ಟು ಹಗುರದ್ದಲ್ಲ. ಸ್ಕಾಲರ್‌ಶಿಪ್ ತಗೊಂಡರೆ ಒಟ್ಟು ಎಂಟು ವರ್ಷದ ಬಾಂಡ್. ಪೂರ್ಣಾವಧಿ ಸೇವೆಗೆ ಹೋದವರು ಅದರಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಷ ಸೇನೆಯಲ್ಲೇ ಇರಬೇಕು, ಉಳಿದದ್ದು ಮೀಸಲು ಪಡೆಯಲ್ಲಿ.

ಬದಲಿಗೆ ಸಿಗುವುದು ಕಡಿಮೆಯೇನಲ್ಲ. ಕಾಲೇಜಿನ ಫೀಸು, ಅದು ಬೇಡವೆಂದರೆ ಊಟ ವಸತಿಯ ಖರ್ಚು. ಪುಸ್ತಕಕ್ಕೆ ವರ್ಷಕ್ಕೆ 1,200 ಡಾಲರ್, ಕೈಖರ್ಚಿಗೆ ಓದುವ ತಿಂಗಳುಗಳಲ್ಲಿ 420 ಡಾಲರ್. ಹುಡುಗ ಮನಸ್ಸಿಟ್ಟಿದ್ದ ಖಾಸಗಿ ಕಾಲೇಜಿನ ಖರ್ಚು ವರ್ಷಕ್ಕೆ 60 ಸಾವಿರ ಡಾಲರ್ ದಾಟುತ್ತಿತ್ತು. ಸ್ಕಾಲರ್‌ಶಿಪ್ ಬಂದರೆ ಮಾತ್ರ ಆ ಕಾಲೇಜು. ಇಲ್ಲದಿದ್ದರೆ ಮನೆಯಿಂದ ಎರಡು ಗಂಟೆ ದೂರದ ಸರ್ಕಾರಿ ವಿಶ್ವವಿದ್ಯಾಲಯ.

ಈ ಕಾಯುವಿಕೆಯಲ್ಲಿ ಒಂದು ವಿಚಿತ್ರವಿದೆ. ಆಯ್ಕೆ ಮಂಡಳಿ ವರ್ಷಕ್ಕೆ ಒಂದೇ ಸಲ ಕೂರುವುದಿಲ್ಲ. ಅಕ್ಟೋಬರ್, ಜನವರಿ, ಮಾರ್ಚ್ ಆಸುಪಾಸಿನಲ್ಲಿ ಸರದಿಯಂತೆ ಕೂರುತ್ತದೆ. ಮೊದಲ ಸಲ ಆಯ್ಕೆ ಆಗದವರ ಅರ್ಜಿ ತಾನಾಗಿ ಮುಂದಿನ ಸರದಿಗೆ ಹೋಗುತ್ತದೆ. ಕೇಳಲು ಇದು ದಯೆಯ ಏರ್ಪಾಡು. ಆದರೆ ಈ ಹುಡುಗನಿಗೆ ಅಕ್ಟೋಬರಿನಲ್ಲೂ ಆಗಲಿಲ್ಲ, ಜನವರಿಯಲ್ಲೂ ಆಗಲಿಲ್ಲ. ಎರಡೂ ಸಲ ಯಾರೂ ‘ಇಲ್ಲ’ ಅನ್ನಲಿಲ್ಲ. ಇಲ್ಲ ಅಂದಿದ್ದರೆ ಒಂದು ದಿನ ಅತ್ತು ಎದ್ದುಬಿಡುತ್ತಿದ್ದ. ಅಳೋಕೂ ಬಿಡದ, ನಗೋಕೂ ಬಿಡದ ಸ್ಥಿತಿ ಅದು.

ಮೊದಲ ದಿನ ಅವನೊಬ್ಬನನ್ನೇ ಕೂರಿಸಿಕೊಂಡು ಮಾತಾಡಿದೆ. ಇವನು ಅಮ್ಮನ ಹತ್ತಿರ ಕನ್ನಡದಲ್ಲೇ ಬೆಳೆದವನು, ಬೇಸರವಾದಾಗ ಕನ್ನಡವೇ ಬರುತ್ತಿತ್ತು.

“ಆಂಟಿ, ಒಂದು ಮೈಲಿ ಓಟದಲ್ಲಿ ಇನ್ನು ಇಪ್ಪತ್ತು ಸೆಕೆಂಡ್ ಕಮ್ಮಿ ಮಾಡಿದ್ದಿದ್ರೆ ಆಗ್ತಿತ್ತೇನೋ.”

ದೈಹಿಕ ಪರೀಕ್ಷೆಯಲ್ಲಿ ಒಂದು ನಿಮಿಷ ಪುಷ್ಅಪ್, ಒಂದು ನಿಮಿಷ ಹೊಟ್ಟೆಯ ಕಸರತ್ತು, ಒಂದು ಮೈಲಿ ಓಟ ಇರುತ್ತದೆ. ಅವನ ಅಂಕಗಳು ಹೋಗಿ ಆರು ತಿಂಗಳಾಗಿತ್ತು. ಆದರೂ ರಾತ್ರಿ ಮಲಗಿದರೆ ಆ ಓಟವನ್ನೇ ಮತ್ತೆ ಓಡುತ್ತಿದ್ದನಂತೆ. ಸಂದರ್ಶನದಲ್ಲಿ ಅಧಿಕಾರಿ ಕೇಳಿದ ಒಂದು ಪ್ರಶ್ನೆಗೆ ಏನು ಹೇಳಬೇಕಿತ್ತು ಅನ್ನುವುದಕ್ಕೆ ಅವನ ಬಳಿ ಈಗ ನಾಲ್ಕು ಉತ್ತರ ಸಿದ್ಧವಿತ್ತು.

ಸಾಯುವ ಯೋಚನೆ, ತನಗೆ ತಾನೇ ನೋವು ಮಾಡಿಕೊಳ್ಳುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿದೆ. ಇಂಥ ಪ್ರಶ್ನೆಯನ್ನು ಸುತ್ತಿ ಬಳಸಿ ಕೇಳಬಾರದು. ಇಲ್ಲ ಅಂದ. ಆ ‘ಇಲ್ಲ’ ನಂಬುವಂತಿತ್ತು. ನಿದ್ದೆಗೆಂದು ಒಂದು ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ. ಮುಂದಿನ ವಾರ ಬಂದು, “ಆಂಟಿ, ನಾಲ್ಕು ಎಣಿಸೋವಾಗ ಫೋನ್ ನೋಡ್ಬೇಕು ಅನ್ಸತ್ತೆ” ಅಂತ ನಕ್ಕ. ಆ ಸಲಹೆಯನ್ನು ಅಲ್ಲಿಗೇ ಬಿಟ್ಟೆ.

ಅವತ್ತು ಕೆಲಸಕ್ಕೆ ಬಂದದ್ದು ಒಂದು ಪ್ರಶ್ನೆ. “ದುಡ್ಡು ಬರದೇ ಇದ್ರೂ ಸೇರ್ತೀಯಾ?”

ಅವನಿಗೆ ಅರ್ಥವಾಗಲಿಲ್ಲ. ಸ್ಕಾಲರ್‌ಶಿಪ್ ಇಲ್ಲದೆಯೂ ಆರ್‌ಒಟಿಸಿಗೆ ಸೇರಬಹುದು ಅನ್ನುವುದು ಅವನಿಗೆ ಗೊತ್ತಿತ್ತು, ಆದರೆ ಅದು ಸೋತವರ ದಾರಿ ಅಂದುಕೊಂಡಿದ್ದ. ಮೊದಲ ಎರಡು ವರ್ಷ ಹಾಗೆ ಸೇರಿದವರಿಗೆ ಬಾಂಡ್ ಇರುವುದಿಲ್ಲ. ಚೆನ್ನಾಗಿ ಮಾಡಿದವರಿಗೆ ಕಾಲೇಜಿನ ಮಟ್ಟದಲ್ಲೇ ಸ್ಕಾಲರ್‌ಶಿಪ್ ಸಿಗುವುದೂ ಉಂಟು. ಅವನ ಆ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಆರ್‌ಒಟಿಸಿ ಇತ್ತು. ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ, “ಸೇರ್ತೀನಿ” ಅಂದ. ಆ ಮಾತು ಹೇಳಿದ ಮೇಲೆ ಹದಿನೈದು ನಿಮಿಷ ಫೋನ್ ಮುಟ್ಟಲಿಲ್ಲ.

ಸಮಸ್ಯೆ ಅಲ್ಲಿಗೆ ಮುಗಿದಿದ್ದರೆ ಬರೆಯುವ ಅಗತ್ಯವೇ ಇರಲಿಲ್ಲ. ಎದ್ದು ಹೊರಡುವಾಗ ಬಾಗಿಲ ಹತ್ತಿರ ನಿಂತು ಒಂದು ಮಾತು ಅಂದ. (ಮುಖ್ಯವಾದ ಮಾತು ಯಾವಾಗಲೂ ಬಾಗಿಲ ಹತ್ತಿರವೇ ಬರುತ್ತದೆ. ಯಾಕೋ ಗೊತ್ತಿಲ್ಲ.) “ಅಪ್ಪ ಒಂದ್ಸಲಾನೂ ‘ಬಂತಾ’ ಅಂತ ಕೇಳಿಲ್ಲ ಆಂಟಿ.”

ಮುಂದಿನ ಸಲ ಅಪ್ಪ ಅಮ್ಮ ಇಬ್ಬರನ್ನೂ ಕರೆದೆ, ಹುಡುಗನಿಲ್ಲದೆ. ಅಮ್ಮ ಬಂದ ಐದು ನಿಮಿಷಕ್ಕೇ ಕಣ್ಣೊರೆಸಿಕೊಂಡರು. “ಮೇಡಂ, ನಾನು ಪಾಪಿ. ಅವನು ಬರಲಿ ಅಂತ ಕಾಯ್ತಿದಾನೆ. ನಾನು ಬರದೇ ಇರಲಿ ಅಂತ ಊರ ಆಂಜನೇಯನಿಗೆ ಹರಕೆ ಹೊತ್ತಿದೀನಿ.” ಹಾಸನದಲ್ಲಿರುವ ಅಜ್ಜಿಗೂ ವಿಷಯ ಮುಟ್ಟಿತ್ತು. ಅಜ್ಜಿಯ ಪ್ರಶ್ನೆ ಒಂದೇ ಅಂತೆ: “ಯಾವ ದೇಶದ ಮಿಲಿಟರಿ ಅಂತೆ?” ಅದಕ್ಕೆ ಯಾರೂ ಉತ್ತರ ಕೊಟ್ಟಿರಲಿಲ್ಲ. ಹುಡುಗನ ಮಟ್ಟಿಗೆ ಅದು ಪ್ರಶ್ನೆಯೇ ಅಲ್ಲ, ಅವನು ಹುಟ್ಟಿದ ದೇಶ ಅದು. ಅಪ್ಪ ಅಮ್ಮ ಇನ್ನೂ ಗ್ರೀನ್ ಕಾರ್ಡಿನಲ್ಲಿದ್ದಾರೆ.

ಅಪ್ಪ ಮಾತಾಡಲಿಲ್ಲ. ಸಾಫ್ಟ್‌ವೇರ್‌ನವರು, ಲೆಕ್ಕ ಹಾಕಿಕೊಂಡು ಬಂದಿದ್ದರು. ಸಾಲ ಎಷ್ಟು, ಬಡ್ಡಿ ಎಷ್ಟು, ಸರ್ಕಾರಿ ವಿಶ್ವವಿದ್ಯಾಲಯ ಎಷ್ಟು ಅಗ್ಗ, ಎಲ್ಲ ಒಂದು ಹಾಳೆಯಲ್ಲಿ. “ನೋಡಿ ಮೇಡಂ, ದುಡ್ಡಿಗೋಸ್ಕರ ಸೇನೆಗೆ ಹೋಗೋ ಅಗತ್ಯ ನಮಗಿಲ್ಲ.” ಹಾಳೆ ಸರಿಯಾಗೇ ಇತ್ತು. ಆದರೆ ಮಗ ಅವರನ್ನು ಕೇಳುತ್ತಿದ್ದದ್ದು ದುಡ್ಡಿನ ಮಾತೇ ಅಲ್ಲ.

ನೀವು ಯಾವತ್ತಾದರೂ ಹೀಗೆ ಒಂದು ಉತ್ತರಕ್ಕೆ ಕಾದಿದ್ದೀರಾ ಅಂದೆ. ವೀಸಾ ಗೀಸಾ ಅಂತ ಏನಾದರೂ ಹೇಳುತ್ತಾರೆ ಅಂದುಕೊಂಡಿದ್ದೆ. ಅವರು ಹಾಳೆಯನ್ನು ನಾಲ್ಕಾಗಿ ಮಡಿಸಿದರು. ತಮ್ಮ ತಂದೆ ಭಾರತೀಯ ಸೇನೆಯಲ್ಲಿ ಹವಾಲ್ದಾರರಾಗಿದ್ದರು ಅಂದರು. 1987ರಲ್ಲಿ ಶಾಂತಿಪಾಲನಾ ಪಡೆಯ ಜೊತೆ ಶ್ರೀಲಂಕಾಕ್ಕೆ ಹೋದರು. ಇವರಿಗೆ ಆಗ ಹದಿಮೂರು. ಮನೆಗೆ ಇನ್‌ಲ್ಯಾಂಡ್ ಲೆಟರ್ ಬರುತ್ತಿತ್ತು. ವಿಳಾಸ ಅಂತ ಇರುತ್ತಿದ್ದದ್ದು ಹೆಸರು, ನಂಬರು, ರೆಜಿಮೆಂಟು, ‘ಕೇರಾಫ್ 56 ಎಪಿಒ’ ಎಂಬ ಸೇನಾ ಅಂಚೆ ಕಚೇರಿಯ ಗುರುತು, ಅಷ್ಟೇ. ಎಲ್ಲಿದ್ದಾರೆ ಅಂತ ಅದರಲ್ಲಿ ಗೊತ್ತಾಗುತ್ತಿರಲಿಲ್ಲ. ಒಂದು ಸಲ ಏಳು ವಾರ ಕಾಗದವೇ ಇಲ್ಲ. ರೇಡಿಯೊದಲ್ಲಿ ಜಾಫ್ನಾ ಅಂದಾಗೆಲ್ಲ ಅವರ ಅಮ್ಮ ಒಲೆ ಉರಿ ಸಣ್ಣ ಮಾಡುತ್ತಿದ್ದರಂತೆ, ಸರಿಯಾಗಿ ಕೇಳಲಿ ಅಂತ.

“ಪೋಸ್ಟ್‌ಮ್ಯಾನ್ ಸೈಕಲ್ ನಮ್ಮ ಬೀದಿಗೆ ತಿರುಗಿದ್ರೆ ನಾನು ಒಳಗೆ ಓಡಿಹೋಗ್ತಿದ್ದೆ ಮೇಡಂ. ಹೊರಗೆ ಅಲ್ಲ, ಒಳಗೆ.”

ತಂದೆ ವಾಪಸು ಬಂದರು, ಏನೂ ಆಗಿರಲಿಲ್ಲ. ಆದರೆ ಈ ಕತೆ ಅವರ ಹೆಂಡತಿಗೇ ಗೊತ್ತಿರಲಿಲ್ಲ. ಮಗನಿಗೆ ಎಲ್ಲಿಂದ ಗೊತ್ತಿರಬೇಕು? ಮಗ ಮಾತ್ರ ಅಪ್ಪನ ಮೌನವನ್ನು ತನಗೆ ಹೇಗೆ ಬೇಕೋ ಹಾಗೆ ಓದಿಕೊಂಡಿದ್ದ: ನನ್ನ ಕೈಲಿ ಆಗಲ್ಲ ಅಂತ ಅಪ್ಪನಿಗೆ ಮೊದಲೇ ಗೊತ್ತು.

ಒಂದೇ ಮನೆಯಲ್ಲಿ ಮೂವರೂ ಒಂದೇ ಉತ್ತರಕ್ಕೆ ಕಾಯುತ್ತಿದ್ದರು, ಒಬ್ಬ ಈ ಕಡೆ ಮುಖ ಮಾಡಿ, ಇಬ್ಬರು ಆ ಕಡೆ. ಹುಡುಗ ನಿದ್ದೆಗೆಟ್ಟದ್ದರಲ್ಲಿ ಸೇನೆಯ ಪಾಲು ಎಷ್ಟೋ, ಇದರ ಪಾಲೂ ಅಷ್ಟೇ ಇತ್ತು ಅಂತ ನನ್ನ ಅಂದಾಜು.

ಅಪ್ಪನಿಗೆ ನಾನು ಕೊಟ್ಟ ಸಲಹೆ ಚಿಕ್ಕದು. ಒಪ್ಪಿಗೆ ಕೊಡಬೇಕೆಂದು ಹೇಳಲಿಲ್ಲ. ಒಪ್ಪದಿರುವ ಹಕ್ಕು ನಿಮಗಿದೆ, ಆದರೆ ಯಾಕೆ ಅಂತ ಅವನಿಗೆ ಹೇಳಿ. ಹಾಳೆಯನ್ನು ಇಟ್ಟುಕೊಂಡು ಅಲ್ಲ, ಆ ಸೈಕಲ್ಲಿನ ಕತೆ ಹೇಳಿ. ಅಮ್ಮನಿಗೆ, ಹರಕೆ ನಿಮಗೂ ದೇವರಿಗೂ ಬಿಟ್ಟದ್ದು, ಆದರೆ ದಿನಾ ‘ಬಂತಾ ಪುಟ್ಟ?’ ಅಂತ ಕೇಳುವುದನ್ನು ನಿಲ್ಲಿಸಿ ಅಂದೆ. ಮನಸ್ಸಲ್ಲಿ ಬೇಡ ಅಂದುಕೊಂಡು ಬಾಯಲ್ಲಿ ಬಂತಾ ಅಂದರೆ ಮಕ್ಕಳಿಗೆ ಆ ಧ್ವನಿ ತಿಳಿಯುತ್ತದೆ.

ನಡುವೆ ಇನ್ಹೇಲರ್ ವಿಷಯ ಬಂತು. ಹುಡುಗ ಒಂಬತ್ತು ವರ್ಷದವನಿದ್ದಾಗ ಒಂದು ಚಳಿಗಾಲ ಕೆಮ್ಮಿಗೆ ವೈದ್ಯರು ಕೊಟ್ಟಿದ್ದರು. ಸ್ಕಾಲರ್‌ಶಿಪ್ ಬಂದವರು ಡಾಡ್‌ಮರ್ಬ್ ಎಂಬ ರಕ್ಷಣಾ ಇಲಾಖೆಯ ವೈದ್ಯಕೀಯ ಮಂಡಳಿಯ ತಪಾಸಣೆಯಲ್ಲಿ ಪಾಸಾಗಬೇಕು, ಹಳೆಯ ಕಾಯಿಲೆಗಳನ್ನೆಲ್ಲ ಬರೆದುಕೊಡಬೇಕು. ಹುಡುಗನಿಗೆ ಅದನ್ನು ಬಿಟ್ಟುಬಿಡೋಣ ಅನ್ನುವ ಆಸೆ. ಅಮ್ಮನಿಗೆ, ನಿಜ ಹೇಳಬೇಕೆಂದರೆ, ಅದೇ ಕಾರಣಕ್ಕೆ ತಡೆದುಬಿಡಲಿ ಅನ್ನುವ ಆಸೆ. ಒಂದು ಪುಟ್ಟ ನೀಲಿ ಇನ್ಹೇಲರ್ ಮೇಲೆ ಇಬ್ಬರ ಭಾರ. ಮುಚ್ಚಿಡುವ ಮಾತೇ ಬೇಡ ಅಂತ ಖಡಾಖಂಡಿತ ಹೇಳಿದೆ. ಇಂಥ ಫಾರಂನಲ್ಲಿ ಸುಳ್ಳು ಬರೆದರೆ ಸ್ಕಾಲರ್‌ಶಿಪ್ ಮಾತ್ರವಲ್ಲ, ಮುಂದಿನ ಹಾದಿಯೇ ಮುಚ್ಚಬಹುದು. ಅವರ ನಿಯಮದಲ್ಲಿ ಮುಖ್ಯವಾಗಿ ಅಡ್ಡಿಯಾಗುವುದು ಹದಿಮೂರು ತುಂಬಿದ ಮೇಲೂ ಇರುವ ಆಸ್ತಮಾ. ಅಡ್ಡಿಯಾದರೂ ವಿನಾಯಿತಿ ಕೊಡುವ ದಾರಿ ಇದೆ. ಹಳೇ ವೈದ್ಯರಿಂದ ದಾಖಲೆ ತರಿಸಿ ಒಂದು ಕವರಿನಲ್ಲಿ ಇಟ್ಟುಕೊಳ್ಳಿ ಅಂದೆ. ಕೈಗೆ ಒಂದು ಕೆಲಸ ಸಿಕ್ಕಿದ್ದಕ್ಕೆ ಹುಡುಗನಿಗೆ ಖುಷಿಯೇ ಆಯಿತು.

ಫೋನಿಗೂ ಒಂದು ಒಪ್ಪಂದ ಮಾಡಿಕೊಂಡೆವು. ದಿನಕ್ಕೆ ಒಂದು ಸಲ, ಸಂಜೆ ಓಡಿ ಬಂದು ಸ್ನಾನ ಮಾಡಿದ ಮೇಲೆ. ಉಳಿದ ಹೊತ್ತು ಫೋನು ಅಡುಗೆಮನೆಯ ಡ್ರಾಯರಿನಲ್ಲಿ. ಮೊದಲ ವಾರ ಎರಡು ಸಲ ಮುರಿದ. ಮುರಿದದ್ದನ್ನು ತಾನೇ ಬಂದು ಹೇಳಿದ, ಅದು ನನಗೆ ಸಾಕಿತ್ತು. ಇನ್ನೊಂದು, ಮೇ 1ರ ವಿಷಯ. ಅಲ್ಲಿನ ಬಹುತೇಕ ಕಾಲೇಜುಗಳಿಗೆ ಬರುತ್ತೇನೆ ಅಂತ ತಿಳಿಸುವ ಕೊನೇ ದಿನ ಅದು. ಏಪ್ರಿಲ್ 20ರ ಹೊತ್ತಿಗೆ ಏನೂ ಬರದಿದ್ದರೆ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಮುಂಗಡ ಕಟ್ಟುವುದು, ಅಲ್ಲಿನ ಆರ್‌ಒಟಿಸಿಗೆ ಹೆಸರು ಕೊಡುವುದು ಅಂತ ಮೂವರೂ ಸೇರಿ ತೀರ್ಮಾನಿಸಿದರು. ಆ ಕಚೇರಿಗೆ ಹುಡುಗ ತಾನೇ ಫೋನ್ ಮಾಡಿದ. ಬಂದು ನೋಡು ಅಂತ ಕರೆದರಂತೆ. ಕಾರು ಓಡಿಸಿದ್ದು ಅಪ್ಪ.

ಆ ಎರಡು ಗಂಟೆ ದಾರಿಯಲ್ಲಿ ಅವರು ಸೈಕಲ್ಲಿನ ಕತೆ ಹೇಳಿದರು. ಹುಡುಗ ನನಗೆ ಅದನ್ನು ಹೇಳುವಾಗ, “ಅಜ್ಜ ಯುದ್ಧಕ್ಕೆ ಹೋಗಿದ್ರಂತೆ, ನಂಗೆ ಯಾರೂ ಹೇಳೇ ಇಲ್ಲ” ಅಂತ ಅದರಲ್ಲೇ ಮುಳುಗಿದ್ದ. ಅಪ್ಪ ಹೆದರಿದ್ದು ಅವನ ಕಿವಿಗೆ ಅಷ್ಟಾಗಿ ಬಿದ್ದಂತಿರಲಿಲ್ಲ. ಹದಿನೇಳು ವಯಸ್ಸು, ಇನ್ನೇನು ಬೀಳುತ್ತದೆ? ಆದರೆ ಅಪ್ಪ ತನ್ನನ್ನು ಸೋಲುವವನು ಅಂದುಕೊಂಡಿಲ್ಲ ಅನ್ನುವುದು ಬಿದ್ದಿತ್ತು. ನಿದ್ದೆ ಪೂರ್ತಿ ಸರಿಯಾಗಲಿಲ್ಲ. ಮೂರು ಗಂಟೆ ಹೋಗಿ ಒಂದು ಗಂಟೆಗೆ ಬಂತು.

ಏಪ್ರಿಲ್ ಮೊದಲ ವಾರ ಉತ್ತರ ಬಂತು. ನಾಲ್ಕು ವರ್ಷದ್ದಲ್ಲ, ಮೂರು ವರ್ಷದ ಸ್ಕಾಲರ್‌ಶಿಪ್. ಅಂದರೆ ಮೊದಲ ವರ್ಷದ ಖರ್ಚು ಮನೆಯವರದು, ಎರಡನೇ ವರ್ಷದಿಂದ ಸೇನೆಯದು. ಹುಡುಗ ಕುಣಿಯಲಿಲ್ಲ, ಅಳಲೂ ಇಲ್ಲ. ಖಾಸಗಿ ಕಾಲೇಜಿನ ಮೊದಲ ವರ್ಷಕ್ಕೆ ಸಾಲ ಮಾಡುವುದೋ, ಸರ್ಕಾರಿ ವಿಶ್ವವಿದ್ಯಾಲಯಕ್ಕೇ ಸ್ಕಾಲರ್‌ಶಿಪ್ ಬದಲಿಸಿಕೊಡಿ ಅಂತ ಕೇಳುವುದೋ ಎಂದು ಮನೆಯಲ್ಲಿ ಮೂರು ದಿನ ವಾದ ನಡೆಯಿತು. ಕೂಗಾಟವೂ ಆಯಿತಂತೆ. ಅಮ್ಮ ಅದನ್ನು ಹೇಳಿದ್ದು ನಗುತ್ತಾ. ಹರಕೆಯ ಮಾತು ಕೇಳಿದ್ದಕ್ಕೆ, ಅರ್ಧ ಕೊಟ್ಟಿದಾನಲ್ಲ ಮೇಡಂ, ಅರ್ಧ ಸೇವೆ ಮಾಡಿಸಿದ್ರಾಯ್ತು ಅಂದರು.

ಕೊನೆಯ ಸಲ ನನಗೆ ಫೋನ್ ಮಾಡಿದ್ದು ಅಪ್ಪ. “ಮೇಡಂ, ಮೊದಲ ವರ್ಷ ಮುಗಿದ ಮೇಲೆ ಬೇಡ ಅನ್ಸಿ ಬಿಟ್ಟು ಬಂದ್ರೆ ಬಾಂಡ್ ಇರಲ್ಲ ಅಂತಾರಲ್ಲ, ಮೂರು ವರ್ಷದ್ದಕ್ಕೂ ಹಂಗೇನಾ?” ಹಾಗೇ ಅಂತ ನನಗೆ ಗೊತ್ತಿತ್ತು. ಆದರೂ ಅದನ್ನು ಕಾಲೇಜಿನ ಆರ್‌ಒಟಿಸಿ ಕಚೇರಿಯಲ್ಲೇ ಕೇಳಿ, ಬರಹದಲ್ಲಿ ತಗೊಳ್ಳಿ ಅಂದೆ.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, “ಅವನಿಗೇ ಕೇಳೋಕೆ ಹೇಳ್ತೀನಿ ಬಿಡಿ” ಅಂದರು.