ಸೋಮವಾರ ಮಾತ್ರ ಮುನಿಸಿಕೊಳ್ಳುವ ಸರ್ವರ್

ಪ್ರಶ್ನೆ: ನಮ್ಮದು ಶಿರಸಿ ಸಮೀಪದ ಸಹಕಾರಿ ಸಂಘ. ಒಂದು ಸರ್ವರ್, ಒಂಬತ್ತು ಕಂಪ್ಯೂಟರ್. ಎರಡು ತಿಂಗಳಿಂದ ಸೋಮವಾರ ಬೆಳಿಗ್ಗೆ ಯಾರಿಗೂ ಲಾಗಿನ್ ಆಗುತ್ತಿಲ್ಲ. ಸರ್ವರ್‌ನಲ್ಲಿ ತಾರೀಖು 2019ರ ಜನವರಿ 1 ಎಂದಿರುತ್ತದೆ. ತಿದ್ದಿದರೆ ಶನಿವಾರದವರೆಗೆ ತೊಂದರೆಯಿಲ್ಲ. ಸಿಡಿಲಿನ ಭಯಕ್ಕೆ ಶನಿವಾರ ಸಂಜೆ ಮೇನ್ ಸ್ವಿಚ್ ಆರಿಸಿ ಹೋಗುವುದು ನಮ್ಮ ರೂಢಿ. ರಿಪೇರಿಗೆ ಬಂದವರು ಮದರ್‌ಬೋರ್ಡ್ ಹೋಗಿದೆ, ಹೊಸ ಸರ್ವರ್ ಕೊಳ್ಳಿ ಎನ್ನುತ್ತಾರೆ. ಮುಂದಿನ ವಾರ ಆಡಳಿತ ಮಂಡಳಿಯ ಸಭೆಯಿದೆ. ಏನು ಹೇಳಲಿ?
– ಸಂಘದ ಕಾರ್ಯದರ್ಶಿ

ಉತ್ತರ: ಸಭೆಗೆ ಇನ್ನೂ ಏನನ್ನೂ ಹೇಳಬೇಡಿ. ಮೊದಲು ಪೇಟೆಗೆ ಹೋಗಿ ಸಿಆರ್2032 ಎಂಬ ಬಟನ್ ಸೆಲ್ ಒಂದನ್ನು ತನ್ನಿ. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, 3 ವೋಲ್ಟ್. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಹೊಸ ಸರ್ವರ್‌ನ ಬೆಲೆಗೆ ಇಂತಹ ಸೆಲ್‌ಗಳನ್ನು ಮೂಟೆಯಲ್ಲಿ ತರಬಹುದು.

ನಿಮ್ಮ ಪತ್ರದಲ್ಲೇ ರೋಗದ ಗುರುತಿದೆ. ಸರ್ವರ್‌ನ ಪ್ಲಗ್‌ನಲ್ಲಿ ಕರೆಂಟ್ ಇರುವಷ್ಟು ಹೊತ್ತು, ಯಂತ್ರ ಆರಿಸಿದ್ದರೂ ಪವರ್ ಸಪ್ಲೈಯಿಂದ ಸಣ್ಣ ಪ್ರಮಾಣದ ವಿದ್ಯುತ್ ಒಳಗಿನ ಗಡಿಯಾರಕ್ಕೆ ಹೋಗುತ್ತಲೇ ಇರುತ್ತದೆ. ಆದ್ದರಿಂದ ವಾರದ ದಿನಗಳಲ್ಲಿ ಮದರ್‌ಬೋರ್ಡ್ ಮೇಲಿನ ಸೆಲ್ ಸತ್ತಿರುವುದು ಯಾರಿಗೂ ತಿಳಿಯುವುದಿಲ್ಲ. ಮೇನ್ ಸ್ವಿಚ್ ಆರಿಸಿದ ಮೇಲೆ ಗಡಿಯಾರಕ್ಕೆ ಆ ಸೆಲ್ಲೇ ಗತಿ. ಅದು ಬತ್ತಿದ್ದರೆ ಸಮಯ ಮರೆತು ಹೋಗಿ, ತಯಾರಕರು ಬರೆದಿಟ್ಟ ಮೊದಲ ತಾರೀಖಿಗೆ ಮರಳುತ್ತದೆ. ನಿಮ್ಮದು 2019. ಮದರ್‌ಬೋರ್ಡ್ ಕೆಟ್ಟಿದ್ದರೆ ಅದು ಶನಿವಾರ, ಭಾನುವಾರ ನೋಡಿಕೊಂಡು ಕೆಡುತ್ತಿರಲಿಲ್ಲ.

ತಾರೀಖು ತಪ್ಪಿದರೆ ಲಾಗಿನ್ ಏಕೆ ಆಗಬಾರದು? ಎಲ್ಲ ಕಂಪ್ಯೂಟರ್‌ಗಳ ಲಾಗಿನ್ನನ್ನು ಸರ್ವರ್ ನೋಡಿಕೊಳ್ಳುವ ವಿಂಡೋಸ್ ಡೊಮೇನ್‌ನಲ್ಲಿ ಗುರುತು ಪರಿಶೀಲಿಸುವ ಕೆರ್ಬರೋಸ್ ಎಂಬ ವ್ಯವಸ್ಥೆ ಸಮಯದ ಮುದ್ರೆಯಿರುವ ಚೀಟಿಗಳ ಮೇಲೆ ನಡೆಯುತ್ತದೆ. ಹಳೆಯ ಚೀಟಿಯನ್ನು ಕದ್ದು ಮತ್ತೆ ಬಳಸಬಾರದೆಂದು ಎರಡು ಯಂತ್ರಗಳ ಗಡಿಯಾರದ ನಡುವೆ ಸಾಮಾನ್ಯವಾಗಿ 5 ನಿಮಿಷದ ಅಂತರವನ್ನಷ್ಟೇ ಅದು ಸಹಿಸುತ್ತದೆ. ನಿಮ್ಮಲ್ಲಿ ವರ್ಷಗಳ ಅಂತರ. ಪಾಸ್‌ವರ್ಡ್ ಸರಿಯಿದ್ದರೂ ಬಾಗಿಲು ತೆರೆಯದು.

ಸೆಲ್ ಬದಲಿಸುವ ಮುನ್ನ ಒಂದು ಕೆಲಸ ತಪ್ಪದೆ ಮಾಡಿ. ಸರ್ವರ್ ಶುರುವಾಗುವಾಗ ಬಯೋಸ್‌ಗೆ, ಅಂದರೆ ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್‌ಗಳ ಪುಟಗಳಿಗೆ, ಹೋಗಿ ಪ್ರತಿಯೊಂದು ಪುಟವನ್ನೂ ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ. ಮುಖ್ಯವಾಗಿ ಡಿಸ್ಕ್ ಕಂಟ್ರೋಲರ್ ರೇಡ್ (ಹಲವು ಡಿಸ್ಕ್‌ಗಳನ್ನು ಒಂದಾಗಿ ನಡೆಸುವುದು) ಎಂದಿದೆಯೋ ಎಎಚ್‌ಸಿಐ (ಬಿಡಿಬಿಡಿಯಾಗಿ ನಡೆಸುವುದು) ಎಂದಿದೆಯೋ ನೋಡಿ. ಸೆಲ್ ತೆಗೆದಾಗ ಈ ಆಯ್ಕೆ ಕೆಲವು ಬೋರ್ಡ್‌ಗಳಲ್ಲಿ ಮೊದಲಿನ ಸ್ಥಿತಿಗೆ ಹೋಗುತ್ತದೆ. ಆಗ ಡಿಸ್ಕ್ ಇದ್ದೂ ವಿಂಡೋಸ್ ಏಳುವುದಿಲ್ಲ. ಅಲ್ಲಿಗೆ ಗಾಬರಿಯಾಗಿ ಫಾರ್ಮ್ಯಾಟ್ ಮಾಡಿಸಿದವರನ್ನು ನಾನು ಕಂಡಿದ್ದೇನೆ. ಹತ್ತು ರೂಪಾಯಿಯ ಕೆಲಸಕ್ಕೆ ಹತ್ತು ವರ್ಷದ ಲೆಕ್ಕ ಹೋಯಿತು.

ಬ್ಯಾಕಪ್ ತೆಗೆದುಕೊಂಡು ಸರ್ವರ್ ಆರಿಸಿ, ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಿರಿ. ಒಳಗೆ ಉಳಿದ ವಿದ್ಯುತ್ ಖಾಲಿಯಾಗುತ್ತದೆ. ಬೋರ್ಡ್ ಮುಟ್ಟುವ ಮೊದಲು ಕ್ಯಾಬಿನೆಟ್ಟಿನ ಲೋಹದ ಭಾಗವನ್ನು ಮುಟ್ಟಿ. ಹಳೆಯ ಸೆಲ್ಲನ್ನು ಮಲ್ಟಿಮೀಟರ್‌ಗೆ ಹಿಡಿದು ನೋಡಿ. ಹೊಸದು 3 ವೋಲ್ಟ್‌ಗಿಂತ ತುಸು ಮೇಲಿರುತ್ತದೆ, ನಿಮ್ಮದು 2.5ರ ಕೆಳಗೆ ಇದ್ದರೆ ನನ್ನ ಊಹೆ ಸರಿ. ಆ ಅಂಕಿಯನ್ನು ಬರೆದಿಟ್ಟುಕೊಂಡು ಸಭೆಯಲ್ಲಿ ಓದಿ ಹೇಳಿ. ಸಾಮಾನ್ಯವಾಗಿ ಪ್ಲಸ್ ಗುರುತು ಮೇಲಕ್ಕೆ ಬರುವಂತೆ ಹೊಸದನ್ನು ಕೂರಿಸುತ್ತಾರೆ. ಹಳೆಯದು ಹೇಗೆ ಕುಳಿತಿತ್ತೆಂದು ನೋಡಿಯೇ ತೆಗೆಯಿರಿ.

ಆಮೇಲೆ ಸರ್ವರ್‌ನ ಸಮಯ ಎಲ್ಲಿಂದ ಬರುತ್ತದೆಂದು ಕಮಾಂಡ್ ಪ್ರಾಂಪ್ಟ್‌ನಲ್ಲಿ ವಿಚಾರಿಸಿ. ‘ಲೋಕಲ್ ಸಿಮಾಸ್ ಕ್ಲಾಕ್’ ಎಂಬ ಉತ್ತರ ಬಂದರೆ ಅದು ತನ್ನ ಗಡಿಯಾರವನ್ನೇ ನಂಬಿ ಕುಳಿತಿದೆ ಎಂದರ್ಥ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯ ಸರ್ವರ್‌ಗೆ ಜೋಡಿಸಿ. ಭಾರತೀಯ ಕಾಲಮಾನವನ್ನು ಕಾಯುವ ಸಂಸ್ಥೆ ಅದು. ಆ ಪ್ರಯೋಗಾಲಯದ ಅಥವಾ ರಾಷ್ಟ್ರೀಯ ಮಾಹಿತಿ ಕೇಂದ್ರದ ಸಮಯಕ್ಕೆ ಹೊಂದಿಸಿಕೊಳ್ಳಬೇಕೆಂದು ದೇಶದ ಸೈಬರ್ ಸುರಕ್ಷತೆಯ ಸರ್ಕಾರಿ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಸಂಸ್ಥೆಗಳಿಗೆ ನಿರ್ದೇಶನವನ್ನೇ ಕೊಟ್ಟಿದೆ.

ಇನ್ನೊಂದು ಮಾತು. ಈ ಎರಡು ತಿಂಗಳ ಸೋಮವಾರಗಳಲ್ಲಿ ತಾರೀಖು ತಿದ್ದುವ ಮೊದಲು ಯಾರಾದರೂ ಸರ್ವರ್‌ನಲ್ಲೇ ಕುಳಿತು ಪಿಗ್ಮಿ ಜಮೆಯನ್ನೋ ಸಾಲದ ಕಂತನ್ನೋ ನಮೂದಿಸಿದ್ದರೆ ಅದು 2019ಕ್ಕೆ ಹೋಗಿ ಕುಳಿತಿರಬಹುದು. ಬಡ್ಡಿಯ ಲೆಕ್ಕ ಅಲ್ಲೇ ಎಡವುತ್ತದೆ. ಲೆಕ್ಕಪರಿಶೋಧಕರು ಹುಡುಕುವ ಮೊದಲು ನೀವು ಹುಡುಕಿ. ಸಿಡಿಲಿಗೆ ಮೇನ್ ಸ್ವಿಚ್ ಆರಿಸುವುದನ್ನು ಮಾತ್ರ ಬಿಡಬೇಡಿ.

ನನ್ನ ಸೈಕಲ್‌ನ ಸ್ಪೀಡೋಮೀಟರಿಗೂ ಇದೇ ಸೆಲ್. ಒಮ್ಮೆ ಸಂಜೆ ಏಳಕ್ಕೆ, ಅಂಗಡಿಗಳೆಲ್ಲ ಮುಚ್ಚಿದ್ದ ಹೊತ್ತಿನಲ್ಲಿ, ಒಂದು ಕಚೇರಿಯ ಸರ್ವರ್‌ಗೆ ಅದನ್ನು ಕಿತ್ತು ಹಾಕಿ ಬಂದೆ. ಮನೆಯವರೆಗಿನ ದಾರಿಯ ಲೆಕ್ಕ ಮೀಟರಿನಲ್ಲಿ ಇಲ್ಲ.

ಪ್ರಶ್ನೆ: ಮೂರು ಡಿಸ್ಕ್‌ಗಳ ರೇಡ್ 5 ಸರ್ವರ್. ಒಂದು ಡಿಸ್ಕ್‌ನ ದೀಪ ಹಳದಿಯಾಗಿದೆ, ಬೀಪ್ ಶಬ್ದವೂ ಬರುತ್ತಿತ್ತು. ಶಬ್ದ ನಿಲ್ಲಿಸಿದ್ದೇವೆ. ಕೆಲಸ ನಡೆಯುತ್ತಿದೆ. ಮಾರ್ಚ್ ಮುಗಿಯುವವರೆಗೆ ಹೀಗೇ ಬಿಡಬಹುದೇ?
– ಲೆಕ್ಕಿಗರು, ಹುಬ್ಬಳ್ಳಿ

ಉತ್ತರ: ಬೇಡ. ರೇಡ್ 5 ಒಂದು ಡಿಸ್ಕ್ ಹೋಗುವುದನ್ನು ತಡೆದುಕೊಳ್ಳುತ್ತದೆ, ಎರಡನೆಯದನ್ನಲ್ಲ. ಉಳಿದೆರಡು ಡಿಸ್ಕ್‌ಗಳನ್ನೂ ಅದೇ ದಿನ ಕೊಂಡಿದ್ದರೆ ಅವೂ ಅಷ್ಟೇ ದುಡಿದಿವೆ. ಇವತ್ತೇ ಬೇರೆ ಡಿಸ್ಕಿಗೆ ಪೂರ್ತಿ ಬ್ಯಾಕಪ್ ತೆಗೆಯಿರಿ. ರೇಡ್ ಎಂಬುದು ಬ್ಯಾಕಪ್ ಅಲ್ಲ. ಅಳಿಸಿದ ಫೈಲನ್ನು ಅದು ಮೂರೂ ಡಿಸ್ಕ್‌ಗಳಿಂದ ಶ್ರದ್ಧೆಯಿಂದ ಅಳಿಸುತ್ತದೆ. ಆಮೇಲೆ ಅಷ್ಟೇ ಅಥವಾ ಹೆಚ್ಚಿನ ಸಾಮರ್ಥ್ಯದ ಡಿಸ್ಕ್ ಹಾಕಿ. ಕೀಳುವ ಮುನ್ನ ಕಂಟ್ರೋಲರ್ ತೋರಿಸುವ ಸೀರಿಯಲ್ ಸಂಖ್ಯೆಯನ್ನು ಡಿಸ್ಕಿನ ಮೇಲಿನ ಸಂಖ್ಯೆಯೊಂದಿಗೆ ಇಬ್ಬರು ಓದಿ ತಾಳೆ ನೋಡಿ. ಕೆಟ್ಟದ್ದನ್ನು ಬಿಟ್ಟು ಒಳ್ಳೆಯದನ್ನು ಎಳೆದರೆ ಮಾರ್ಚ್ ಅಲ್ಲಿಗೇ ಮುಗಿಯುತ್ತದೆ.

ಪ್ರಶ್ನೆ: ನಿಮಗೆ ಸೈಕಲ್ ಹುಚ್ಚು ಇದೆಯೆಂದು ಬಲ್ಲೆ. ನನ್ನ ಗೇರ್ ಸೈಕಲ್‌ಗೆ ಹೊಸ ಚೈನ್ ಹಾಕಿಸಿದೆ. ಏರು ಹತ್ತುವಾಗ ಕಟಕ್ ಎಂದು ಜಾರುತ್ತದೆ. ಹಳೆಯ ಚೈನ್ ಜಾರುತ್ತಿರಲಿಲ್ಲ! ಅಂಗಡಿಯವರು ಮೋಸ ಮಾಡಿದರೇ?
– ಸಿಸ್ಟಂ ಅಡ್ಮಿನ್, ಮೈಸೂರು

ಉತ್ತರ: ಅಂಗಡಿಯವರನ್ನು ಬೈಯಬೇಡಿ. ಹಳೆಯ ಚೈನ್ ಸವೆದು ಉದ್ದವಾಗುತ್ತಾ ಹಿಂದಿನ ಹಲ್ಲುಚಕ್ರವನ್ನೂ ತನ್ನ ಅಳತೆಗೇ ಸವೆಸಿಕೊಂಡಿತ್ತು. ಹೊಸ ಚೈನಿನ ಅಳತೆ ಸರಿಯಿದೆ, ಹಲ್ಲಿನದು ಸರಿಯಿಲ್ಲ. ನೀವು ಹೆಚ್ಚಾಗಿ ಬಳಸುವ ಒಂದೆರಡು ಗೇರ್‌ಗಳಲ್ಲಿ ಮಾತ್ರ ಜಾರುತ್ತಿದ್ದರೆ ಇದೇ ಕಾರಣ. ಹಿಂದಿನ ಚಕ್ರವನ್ನೂ ಬದಲಿಸಬೇಕು, ಬೇರೆ ದಾರಿಯಿಲ್ಲ.

ಇನ್ನು ಮುಂದೆ ಸ್ಟೀಲ್ ಸ್ಕೇಲ್ ಇಟ್ಟು ಅಳೆಯಿರಿ. ಚೈನಿನ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು, ಅಂದರೆ 24 ಅಂತರಗಳಿಗೆ ಸರಿಯಾಗಿ 12 ಇಂಚು. ಪಿನ್ ಆ ಗೆರೆಯಿಂದ ಇಂಚಿನ ಹದಿನಾರನೇ ಒಂದು ಭಾಗ ಮುಂದೆ ಹೋಗಿದ್ದರೆ ಚೈನ್ ಬದಲಿಸಿ, ಹಲ್ಲುಗಳು ಬದುಕುತ್ತವೆ. ಎಂಟನೇ ಒಂದು ಭಾಗ ಮುಟ್ಟುವವರೆಗೆ ಬಿಟ್ಟಿದ್ದರೆ ಚಕ್ರಕ್ಕೂ ದುಡ್ಡು ಎತ್ತಿಡಿ. ಅಂಗಡಿಗೆ ಹೋಗುವ ಮುನ್ನ ಹಿಂದಿನ ಹಲ್ಲುಚಕ್ರಗಳು ಎಷ್ಟೆಂದು ಎಣಿಸಿಕೊಳ್ಳಿ. ಒಂಬತ್ತರ ಚೈನ್ ಎಂಟರದಕ್ಕಿಂತ ತೆಳುವಾಗಿರುತ್ತದೆ.