ಶಾಲೆಗೆ ಮಾಷ್ಟ್ರ ಹೆಸರು: ಓದುಗರು ಕೇಳಿದ್ದು, ಬಲ್ಲವರು ಹೇಳಿದ್ದು

ಶಿಕ್ಷಕರ ದಿನ ಹತ್ತಿರವಾದಂತೆ ಕರಾವಳಿಯ ಹಳೆ ವಿದ್ಯಾರ್ಥಿ ಸಂಘಗಳಿಂದ ಒಂದೇ ಬಗೆಯ ಪತ್ರಗಳು ಬರುತ್ತಿವೆ. ಊರಿನ ಮಕ್ಕಳಿಗಾಗಿ ಜೀವ ತೇಯ್ದ ಮಾಷ್ಟ್ರ ಹೆಸರನ್ನು ಶಾಲೆಗೆ ಇಡಬೇಕು, ಹೇಗೆ? ಇಲಾಖೆಯ ಕಡತ ಬಲ್ಲವರೂ ಕಲ್ಲಿನ ಕೆಲಸ ಬಲ್ಲವರೂ ಸೇರಿ ಐದು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದಾರೆ.

ನಮ್ಮದು ಸರಕಾರಿ ಹಿರಿಯ ಪ್ರಾಥಮಿಕ ಶಾಲೆ. ಇಲ್ಲೇ 31 ವರ್ಷ ಕಲಿಸಿ ತೀರಿಕೊಂಡ ಮಾಷ್ಟ್ರ ಹೆಸರನ್ನು ಇಡಲು ಊರೆಲ್ಲ ಒಪ್ಪಿದೆ. ಬೋರ್ಡು ಮಾಡಿಸಿಯೂ ಆಯಿತು. ಮುಖ್ಯ ಶಿಕ್ಷಕಿ ಮಾತ್ರ ಹಾಕಲು ಬಿಡುತ್ತಿಲ್ಲ.
– ಹಳೆ ವಿದ್ಯಾರ್ಥಿ ಸಂಘದ ಕಾರ್ಯದರ್ಶಿ, ಬ್ರಹ್ಮಾವರ ಕಡೆಯವರು

ಟೀಚರ್ ಮೇಲೆ ಬೇಸರ ಬೇಡ, ಅವರು ಮಾಡಿದ್ದು ಸರಿ. ಸರಕಾರಿ ಶಾಲೆಯ ದಾಖಲೆಯ ಹೆಸರು ಸರಕಾರದ ಆದೇಶವಿಲ್ಲದೆ ಬದಲಾಗುವುದಿಲ್ಲ. ಆದೇಶಕ್ಕೆ ಮುಂಚೆ ಬೋರ್ಡು ಹಾಕಿದರೆ ಬೋರ್ಡಿನಲ್ಲಿ ಒಂದು ಹೆಸರು, ಮೊಹರಿನಲ್ಲಿ ಇನ್ನೊಂದು ಹೆಸರು ಆಗುತ್ತದೆ. ಆ ತೊಡಕು ಕೊನೆಗೆ ಬಂದು ಬೀಳುವುದು ಮಕ್ಕಳ ವರ್ಗಾವಣೆ ಪತ್ರದ ಮೇಲೆ.

ಬೋರ್ಡನ್ನು ಸದ್ಯ ಬದಿಗಿಟ್ಟು ಕಾಗದದಿಂದ ಆರಂಭಿಸಿ. ಮೊದಲ ಕಾಗದ ಮಾಷ್ಟ್ರ ಸೇವೆಯ ವಿವರ. ಯಾವ ತಾರೀಕಿಗೆ ಈ ಶಾಲೆಗೆ ಬಂದರು, ಯಾವಾಗ ನಿವೃತ್ತರಾದರು, ನಡುವೆ ಬೇರೆ ಕಡೆ ನಿಯೋಜನೆ ಇತ್ತೇ, ಇವೆಲ್ಲ ಸೇವಾ ಪುಸ್ತಕದಲ್ಲಿ ಇರುತ್ತವೆ. ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಅದು ಸಿಗದಿದ್ದರೆ ಶಾಲೆಯ ಹಳೆಯ ಹಾಜರಿ ಪುಸ್ತಕ, ದಾಖಲಾತಿ ರಿಜಿಸ್ಟರು, ಇನ್‌ಸ್ಪೆಕ್ಟರರು ಷರಾ ಬರೆದ ಪುಸ್ತಕಗಳನ್ನು ನೋಡಬೇಕು. ಉಡುಪಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಹಿಂದಿನ ಕಾಗದಗಳು ದಕ್ಷಿಣ ಕನ್ನಡದ ಹೆಸರಿನಲ್ಲಿ ಇರುತ್ತವೆ. 1956ರ ನವೆಂಬರಿಗಿಂತ ಹಿಂದಿನವು ಮದರಾಸು ಸರಕಾರದ ಕಾಲದವು, ಎಷ್ಟೋ ಇಂಗ್ಲಿಷಿನಲ್ಲೇ ಇವೆ. ಹುಡುಕುವವರಿಗೆ ಇದು ಗೊತ್ತಿಲ್ಲದಿದ್ದರೆ ‘ದಾಖಲೆ ಇಲ್ಲ’ ಎಂದು ಬರಿಗೈಯಲ್ಲಿ ಬರುತ್ತಾರೆ.

ಎರಡನೆಯದು ಜಾಗದ ಕಾಗದ. ನಮ್ಮ ಕಡೆ ಶಾಲೆಗಳಿಗೆ ಗುತ್ತಿನ ಮನೆಯವರೋ (ಊರಿನ ಹಿರಿಯ ಜಮೀನುದಾರ ಮನೆತನ) ದೇವಸ್ಥಾನದವರೋ ಜಾಗ ಬಿಟ್ಟುಕೊಟ್ಟದ್ದು ಹೆಚ್ಚು. ದಾನಪತ್ರದಲ್ಲಿ ‘ಶಾಲೆಗೆ ನಮ್ಮ ಹಿರಿಯರ ಹೆಸರಿರತಕ್ಕದ್ದು’ ಎಂಬ ಷರತ್ತು ಇದ್ದರೆ ನಿಮ್ಮ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಪಹಣಿಯ ಜೊತೆಗೆ ಉಪನೋಂದಣಿ ಕಚೇರಿಯಿಂದ ದಾನಪತ್ರದ ದೃಢೀಕೃತ ನಕಲನ್ನೂ ತೆಗೆದು ಪೂರ್ತಿ ಓದಿ. ದಾನಿಗಳ ಮನೆಯವರಿಂದ ಒಪ್ಪಿಗೆ ಪತ್ರ ಸಿಕ್ಕಿದರೆ ಮುಂದಿನ ಅರ್ಧ ಜಗಳ ತಪ್ಪುತ್ತದೆ.

ಆಮೇಲೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಕೇಂದ್ರದ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಇಂಥ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರು, ಒಟ್ಟಿನಲ್ಲಿ ಅರ್ಧ ಮಹಿಳೆಯರು ಇರಬೇಕು. ಹಳೆ ವಿದ್ಯಾರ್ಥಿ ಸಂಘದ ನಿರ್ಣಯಕ್ಕೆ ಗೌರವ ಇದೆ, ಅಧಿಕಾರ ಇಲ್ಲ. ವಾಟ್ಸಾಪಿನಲ್ಲಿ ‘ಒಪ್ಪಿಗೆ’ ಹಾಕಿದ್ದು ನಿರ್ಣಯ ಆಗುವುದಿಲ್ಲ. ನೋಟಿಸು ಕೊಟ್ಟು, ಸಭೆ ಕರೆದು, ನಡಾವಳಿ ಪುಸ್ತಕದಲ್ಲಿ ಬರೆದು, ಹಾಜರಿದ್ದವರ ಸಹಿ ಹಾಕಿಸಬೇಕು. ನಿರ್ಣಯದ ಒಕ್ಕಣೆ ಹೀಗಿದ್ದರೆ ಸಾಕು:

‘ಈ ಶಾಲೆಯಲ್ಲಿ ದಿನಾಂಕ ……ರಿಂದ ……ರವರೆಗೆ ಸೇವೆ ಸಲ್ಲಿಸಿದ ದಿವಂಗತ ……ರವರ ಸ್ಮರಣಾರ್ಥ ಶಾಲೆಯ ಹೆಸರನ್ನು “…… ಸ್ಮಾರಕ ಸರಕಾರಿ ಹಿರಿಯ ಪ್ರಾಥಮಿಕ ಶಾಲೆ, (ಊರು)” ಎಂದು ಬದಲಾಯಿಸಲು ಸರಕಾರವನ್ನು ಕೋರುವುದೆಂದು ತೀರ್ಮಾನಿಸಲಾಯಿತು. ಪರ …, ವಿರೋಧ …’

ಊರಿನ ಹೆಸರನ್ನು ಯಾವ ಕಾರಣಕ್ಕೂ ಬಿಡಬೇಡಿ. ಅಮ್ಮೆಂಬಳ ಸುಬ್ಬರಾವ್ ಪೈಗಳು 1891ರಲ್ಲಿ ಮಂಗಳೂರಿನಲ್ಲಿ ಹೈಸ್ಕೂಲು ಕಟ್ಟಿದಾಗ ಅದಕ್ಕೆ ಬಂದದ್ದು ‘ಕೆನರಾ’ ಎಂಬ ನಾಡಿನ ಹೆಸರು. ಇಂದಿಗೂ ಆ ಹೆಸರು ಹೇಳಿದರೆ ಪೈಗಳು ನೆನಪಾಗುತ್ತಾರೆ. ಊರೂ ಮಾಷ್ಟ್ರೂ ಒಂದೇ ಸಾಲಿನಲ್ಲಿ ಇರಲಿ.

ಇದೇ ವಿಷಯವನ್ನು ಗ್ರಾಮಸಭೆಯಲ್ಲೂ ಇಟ್ಟು ನಿರ್ಣಯ ಮಾಡಿಸಿ. ಶಾಲೆಯ ಮತ್ತು ಪಂಚಾಯತಿಯ ಸೂಚನಾ ಫಲಕದಲ್ಲಿ 30 ದಿನ ಪ್ರಕಟಣೆ ಹಾಕಿ, ಆಕ್ಷೇಪ ಇದ್ದವರು ಆಗಲೇ ಹೇಳಲಿ. ಅನಂತರ ಎಲ್ಲ ಕಾಗದಗಳು ಮುಖ್ಯ ಶಿಕ್ಷಕರ ಪತ್ರದೊಂದಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗೆ, ಅಲ್ಲಿಂದ ಉಪನಿರ್ದೇಶಕರಿಗೆ, ಅಲ್ಲಿಂದ ಮೇಲಕ್ಕೆ ಹೋಗುತ್ತವೆ. ಪ್ರತಿ ಕಚೇರಿಯಲ್ಲೂ ನಿಮ್ಮ ನಕಲಿನ ಮೇಲೆ ಸ್ವೀಕೃತಿ ಮೊಹರು ಮತ್ತು ಇನ್‌ವರ್ಡ್ ನಂಬ್ರ ಹಾಕಿಸಿಕೊಳ್ಳಿ. ಕಡತ ಎಲ್ಲಿದೆಯೆಂದು ಯಾರೂ ಹೇಳದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಇನ್‌ವರ್ಡ್ ನಂಬ್ರ ಇಲ್ಲದವರಿಗೆ ‘ಅಂಥ ಕಡತ ಬಂದಿಲ್ಲ’ ಎಂದು ಒಂದು ಸಾಲು ಬರೆದು ಕಳಿಸುವುದು ಸುಲಭ.

ಇಷ್ಟು ಕಾಯುವ ತಾಳ್ಮೆ ಸಂಘಕ್ಕೆ ಇಲ್ಲವೆಂದಾದರೆ, ಶಾಲೆಯ ಹೆಸರನ್ನು ಮುಟ್ಟದೆ ಗ್ರಂಥಾಲಯಕ್ಕೋ ಸಭಾಭವನಕ್ಕೋ ಮಾಷ್ಟ್ರ ಹೆಸರಿಡಲು ಕೇಳಿ. ಅದಕ್ಕೂ ಸಮಿತಿಯ ನಿರ್ಣಯ ಮತ್ತು ಇಲಾಖೆಯ ಲಿಖಿತ ಅನುಮತಿ ಪಡೆಯಿರಿ, ಆದರೆ ಮಕ್ಕಳ ದಾಖಲೆ ಒಂದೂ ಬದಲಾಗುವುದಿಲ್ಲ. ಇದು ಕಡಿಮೆ ಗೌರವ ಅಂತಲ್ಲ. 1892ರಲ್ಲಿ ಮಂಗಳೂರಿನಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದು ಊರಿನ ವಿರೋಧ ಕಟ್ಟಿಕೊಂಡ ಕುದ್ಮುಲ್ ರಂಗರಾಯರ ಹೆಸರು ಇಂದು ಆ ನಗರದ ಪುರಭವನದ ಮೇಲಿದೆ.

ನಮ್ಮದು ಅನುದಾನಿತ ಹೈಸ್ಕೂಲು. ಸ್ಥಾಪಕ ಮಾಷ್ಟ್ರ ಹೆಸರು ಇಡಲು ಆಡಳಿತ ಮಂಡಳಿ ಒಪ್ಪಿದೆ. ಹಳೆಯ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗಳ ಗತಿ ಏನು?
– ಸಂಚಾಲಕರು, ಮೂಡುಬಿದಿರೆ ಸಮೀಪ

ಹಳೆಯ ಅಂಕಪಟ್ಟಿ ಹಳೆಯ ಹೆಸರಿನಲ್ಲೇ ಇರಲಿ, ಅದಕ್ಕೆ ಬಾಧೆ ಇಲ್ಲ. ತಿದ್ದಿಸಲು ಹೊರಟರೆ ತೊಂದರೆ. ಕರಾವಳಿಯಲ್ಲಿ ಐಗಳ ಮಠದಿಂದ (ಹಿಂದಿನ ಕಾಲದ ಏಕೋಪಾಧ್ಯಾಯ ಶಾಲೆ) ಬೆಳೆದ, ಮಾಷ್ಟ್ರೇ ಸಂಚಾಲಕರಾಗಿದ್ದ ಅನುದಾನಿತ ಶಾಲೆಗಳು ಅನೇಕ ಇವೆ. ಆದರೆ ಮಂಡಳಿ ಒಪ್ಪಿದ ಮಾತ್ರಕ್ಕೆ ಹೆಸರು ಬದಲಾಗುವುದಿಲ್ಲ, ಮಾನ್ಯತೆ ಮತ್ತು ಅನುದಾನದ ಆದೇಶಗಳು ಹಳೆಯ ಹೆಸರಿನಲ್ಲಿ ಇವೆಯಲ್ಲ. ಇಲಾಖೆಯ ಆದೇಶ ಬಂದ ಮೇಲೆ ಪರೀಕ್ಷಾ ಮಂಡಳಿ, ಯು-ಡೈಸ್ (ದೇಶದ ಶಾಲೆಗಳ ಮಾಹಿತಿಕೋಶ), ಸ್ಯಾಟ್ಸ್ (ರಾಜ್ಯದ ವಿದ್ಯಾರ್ಥಿ ದಾಖಲೆ ವ್ಯವಸ್ಥೆ), ಬ್ಯಾಂಕು, ಪ್ಯಾನ್, ವಿದ್ಯುತ್ ಬಿಲ್ಲು ಎಲ್ಲ ಕಡೆಗೂ ಒಂದೇ ವಾರದಲ್ಲಿ ಅರ್ಜಿ ಹಾಕಿ. ಯು-ಡೈಸಿನ 11 ಅಂಕಿಯ ಸಂಖ್ಯೆ ಹಳೆಯದೇ ಮುಂದುವರಿಯಬೇಕು. ‘ಹೊಸ ಶಾಲೆ’ ಎಂದು ನಮೂದಾಗದಂತೆ ನೋಡಿಕೊಳ್ಳಿ. ಹತ್ತನೆಯ ತರಗತಿಯ ಪರೀಕ್ಷಾ ನೋಂದಣಿ ನಡೆಯುವ ತಿಂಗಳುಗಳಲ್ಲಂತೂ ಇದಕ್ಕೆ ಕೈ ಹಾಕಬೇಡಿ. ಬದಲಾದ ಮೇಲೆ ವರ್ಗಾವಣೆ ಪತ್ರದಲ್ಲಿ ‘ಹಿಂದಿನ ಹೆಸರು’ ಎಂದು ಒಂದು ಸಾಲು ಸೇರಿಸಿದರೆ ಪಾಸ್‌ಪೋರ್ಟಿಗೆ, ಕೆಲಸಕ್ಕೆ ಹೋಗುವ ಹಳೆಯ ಮಕ್ಕಳು ಅಲೆಯಬೇಕಾಗುವುದಿಲ್ಲ.

ಇಂಗ್ಲಿಷ್ ಅಕ್ಷರಜೋಡಣೆಯನ್ನು ಮೊದಲೇ ಒಂದೇ ಕಾಗದದಲ್ಲಿ ಬರೆದಿಟ್ಟು ಎಲ್ಲ ಕಚೇರಿಗೂ ಅದನ್ನೇ ಕೊಡಿ. ‘ರಾವ್’, ‘ರಾಯ’ ಒಂದೊಂದು ಕಡೆ ಒಂದೊಂದಾದರೆ ಬ್ಯಾಂಕಿನಲ್ಲಿ ಚೆಕ್ಕು ಹಿಂದೆ ಬರುತ್ತದೆ.

ಕಾಂಪೌಂಡ್ ಗೋಡೆಯಲ್ಲಿ ಹಾಕಿದ ಉಕ್ಕಿನ ಅಕ್ಷರ ಎರಡೇ ಮಳೆಗೆ ತುಕ್ಕು ಹಿಡಿದು ಗೋಡೆ ತುಂಬ ಕೆಂಪು ನೀರು ಇಳಿದಿದೆ. ಕಲ್ಲಿನದ್ದು ಮಾಡಿಸಬೇಕೇ?
– ಮಲ್ಪೆಯಿಂದ ಒಬ್ಬರು

ಮಾಡಿಸಿ. ಕಡಲಿನ ಉಪ್ಪುಗಾಳಿ, ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿದ ಮಳೆ. ಸಾಧಾರಣ ಕಬ್ಬಿಣ ಇಲ್ಲಿ ಉಳಿಯುವುದಿಲ್ಲ. ‘ಸ್ಟೀಲು’ ಎಂದು ಕೊಡುವುದರಲ್ಲೂ 304 ಎಂಬ ದರ್ಜೆ ಕಡಲ ಬದಿಯಲ್ಲಿ ಚುಕ್ಕೆಚುಕ್ಕೆ ತುಕ್ಕು ಹಿಡಿಯುತ್ತದೆ, ಬೋಲ್ಟಿಗಾದರೂ 316 ಕೇಳಿ ತೆಗೆದುಕೊಳ್ಳಿ.

ಕಪ್ಪು ಗ್ರಾನೈಟು, 20 ಮಿ.ಮೀ. ದಪ್ಪ, ಮೂರು ಅಡಿ ಉದ್ದ, ಎರಡು ಅಡಿ ಎತ್ತರ ಸಾಕು. ಇಷ್ಟಕ್ಕೇ ತೂಕ 30 ಕಿಲೋದಷ್ಟಾಗುತ್ತದೆ, ಬರೇ ಗಮ್ಮಿನಲ್ಲಿ ನಿಲ್ಲುವುದಿಲ್ಲ. ಗೋಡೆ ಮುರಕಲ್ಲಿನದ್ದಾದರೆ (ಜಂಬಿಟ್ಟಿಗೆ) ಇನ್ನೂ ಎಚ್ಚರ ಬೇಕು: ಅಗಲಿಸಿ ಬಿಗಿಯುವ ಬೋಲ್ಟು ಹಾಕಿದರೆ ಮುರಕಲ್ಲು ಪುಡಿಯಾಗಿ ಮೊದಲ ವರ್ಷ ಬಿಗಿಯಿದ್ದದ್ದು ಎರಡನೇ ವರ್ಷ ಅಲುಗುತ್ತದೆ. ನಾಲ್ಕು ಮೂಲೆಯಲ್ಲಿ ನಾಲ್ಕು ಇಂಚು ಆಳದ ಗುಂಡಿ ತೆಗೆದು, ಕಾಂಕ್ರೀಟು ತುಂಬಿ, ಅದರಲ್ಲಿ ಬೋಲ್ಟು ಕೂರಿಸಿ ಒಂದು ವಾರ ನೀರುಣಿಸಿ. ಕಲ್ಲಿನ ಹಿಂದೆ ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳಿನ ಗಾರೆಯನ್ನು ಎಲ್ಲೂ ಪೊಳ್ಳು ಉಳಿಯದಂತೆ ತುಂಬಬೇಕು. ಪೊಳ್ಳಿನಲ್ಲಿ ನೀರು ನಿಂತರೆ ಬಿಳಿ ಉಪ್ಪು ಹೊರಗೆ ಬರುತ್ತದೆ. ಈ ಕೆಲಸವನ್ನು ನವೆಂಬರಿನಿಂದ ಫೆಬ್ರವರಿಯೊಳಗೆ ಮುಗಿಸಿ, ಮಳೆಗಾಲದ ಒದ್ದೆ ಗೋಡೆಯ ಮೇಲೆ ಬೇಡ. ಗೋಡೆಯ ತಲೆಯಿಂದ ನೀರು ನೇರ ಕಲ್ಲಿನ ಮೇಲೆ ಇಳಿಯದಂತೆ ಎರಡು ಇಂಚಿನ ಚಾಚು ಕೊಡಿ, ಅದರ ತಳದಲ್ಲಿ ನೀರು ತೊಟ್ಟಿಕ್ಕಲು ಒಂದು ಗೀರು ಇರಲಿ. ಶಾಲೆಯ ಜಗಲಿಯ ಗೋಡೆ ಸಿಕ್ಕಿದರೆ ಕಾಂಪೌಂಡಿಗಿಂತ ಅದೇ ಉತ್ತಮ, ಪಾಚಿಯೂ ಹಿಡಿಯುವುದಿಲ್ಲ.

ಬೋರ್ಡು ಹಾಳಾಗುವುದು ಹೆಚ್ಚಾಗಿ ಕಲ್ಲಿನಿಂದ ಅಲ್ಲ, ಅಕ್ಷರದಿಂದ. ಕನ್ನಡದ ಒತ್ತಕ್ಷರ ಕೆಳಕ್ಕೆ ಇಳಿಯುತ್ತದೆ. ‘ಶೆಟ್ಟಿ’, ‘ಉಪಾಧ್ಯಾಯ’ ಎಂಬಲ್ಲಿ ಇಂಗ್ಲಿಷಿನ ಅಳತೆಯಲ್ಲಿ ಸಾಲು ಕೂರಿಸಿದರೆ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಅಕ್ಷರ ಎರಡು ಇಂಚಿದ್ದರೆ ಸಾಲಿನ ನಡುವೆಯೂ ಎರಡು ಇಂಚು ಬಿಡಿಸಿ. ಹಳೆಯ ‘ನುಡಿ’ ತಂತ್ರಾಂಶದ ಅಕ್ಷರದಲ್ಲಿ ಟೈಪು ಮಾಡಿದ ಫೈಲು ಕೆತ್ತುವವರ ಕಂಪ್ಯೂಟರಿನಲ್ಲಿ ಕಲಸಿಹೋಗುತ್ತದೆ, ಪಿಡಿಎಫ್ ಮಾಡಿ ಕೊಡಿ. ಕೆತ್ತುವ ಮುನ್ನ ನಿಜ ಅಳತೆಯ ಕಾಗದದ ಪ್ರತಿಯನ್ನು ಗೋಡೆಗೆ ಅಂಟಿಸಿ ಮೂರು ಜನ ಗಟ್ಟಿಯಾಗಿ ಓದಲಿ, ಅವರಲ್ಲಿ ಒಬ್ಬರು ಮಾಷ್ಟ್ರ ಮನೆಯವರಿರಲಿ. ಮೂವರೂ ಆ ಕಾಗದಕ್ಕೆ ಸಹಿ ಹಾಕಿದ ಮೇಲೆ ಮುಂಗಡ ಕೊಡಿ. ಮಕ್ಕಳಿಗೆ ತಪ್ಪಿಲ್ಲದೆ ಬರೆಯಲು ಕಲಿಸಿದವರ ಹೆಸರಿನಲ್ಲೇ ಅರ್ಕಾವತ್ತು ತಪ್ಪಿ ಕೂತರೆ ಅದನ್ನು ದಿನಾ ನೋಡಲಾಗುವುದಿಲ್ಲ.

ಟೀಚರ್ ಇನ್ನೂ ಇದ್ದಾರೆ, ಆರೋಗ್ಯವಾಗಿದ್ದಾರೆ. ಅವರ ಹೆಸರಿಡಬಹುದೇ?
– ಕಾಪು

ಶಾಲೆಗೆ ಬೇಡ. ಬದುಕಿರುವವರ ಹೆಸರಿನ ಪ್ರಸ್ತಾವ ಕಚೇರಿಯಲ್ಲಿ ಸುಲಭಕ್ಕೆ ಮುಂದೆ ಹೋಗುವುದಿಲ್ಲ, ಊರಿನಲ್ಲೂ ಪಕ್ಷಗಳಾಗುತ್ತವೆ, ಆ ಮುಜುಗರ ಟೀಚರ್ ಪಾಲಿಗೆ. ಅವರ ಹೆಸರಿನಲ್ಲಿ ದತ್ತಿನಿಧಿ ಇಡಿ, ಅವರನ್ನೇ ಕೇಳಿ ಉದ್ದೇಶ ಬರೆಸಿ. ಜನ ಕರೆಯುವ ಹೆಸರನ್ನಂತೂ ಯಾರೂ ತಡೆಯಲಾರರು: ಕಿತ್ತಳೆ ಮಾರಿ ಶಾಲೆ ಕಟ್ಟಿಸಿದ ಹರೇಕಳ ಹಾಜಬ್ಬರ ನ್ಯೂಪಡ್ಪು ಶಾಲೆ ಸುತ್ತಮುತ್ತಲಿನವರ ಬಾಯಲ್ಲಿ ಹಾಜಬ್ಬರ ಶಾಲೆಯೇ.

ಮಾಷ್ಟ್ರ ಹೆಸರಿನಲ್ಲಿ 3 ಲಕ್ಷ ಒಟ್ಟಾಗಿದೆ. ಎಲ್ಲಿಡಬೇಕು, ಎಷ್ಟು ಖರ್ಚು ಮಾಡಬೇಕು?
– ಸುರತ್ಕಲ್

ಯಾರೊಬ್ಬರ ಸ್ವಂತ ಖಾತೆಯಲ್ಲೂ ಬೇಡ. ನೋಂದಾಯಿತ ಹಳೆ ವಿದ್ಯಾರ್ಥಿ ಸಂಘದ ಹೆಸರಿನಲ್ಲಿ, ಸಂಘದ ಪ್ಯಾನ್ ಕೊಟ್ಟು, ನಿರಖು ಠೇವಣಿ ಇಡಿ. ಪ್ಯಾನ್ ಕೊಡದಿದ್ದರೆ, ಬಡ್ಡಿ ತೆರಿಗೆ ಕಡಿತದ ಮಿತಿ ದಾಟಿದಾಗ ನೂರಕ್ಕೆ 20 ಮೂಲದಲ್ಲೇ ಕಡಿತವಾಗುತ್ತದೆ. ಸಹಿ ಹಾಕುವವರು ವ್ಯಕ್ತಿಯ ಹೆಸರಿನಿಂದಲ್ಲ, ಹುದ್ದೆಯಿಂದ ನಮೂದಾಗಿರಲಿ: ಅಧ್ಯಕ್ಷರು, ಕಾರ್ಯದರ್ಶಿ, ಕೋಶಾಧಿಕಾರಿ, ಮೂವರಲ್ಲಿ ಇಬ್ಬರು. ಇಂಥ ನಿಧಿಗಳು ನಿಂತುಹೋಗುವುದು ಹಣ ಇಲ್ಲದೆ ಅಲ್ಲ. ಸಹಿ ಹಾಕಬೇಕಾದವರು ಮುಂಬೈಗೆ ಹೋಗಿರುತ್ತಾರೆ, ಇಲ್ಲವೇ ತೀರಿಕೊಂಡಿರುತ್ತಾರೆ.

ಬಡ್ಡಿ ನೂರಕ್ಕೆ ಆರೂವರೆ ಎಂದಿಟ್ಟುಕೊಂಡರೆ ವರ್ಷಕ್ಕೆ 19,500 ರೂಪಾಯಿ. ಅದರ ಐದನೇ ಒಂದು ಪಾಲು, 3,900ನ್ನು ಅಸಲಿಗೆ ಸೇರಿಸಿ. ಹಾಗೆ ಮಾಡದಿದ್ದರೆ ಇಂದು ಹತ್ತು ಮಕ್ಕಳಿಗೆ ಪುಸ್ತಕ ಕೊಡುವ ಬಡ್ಡಿ ವರ್ಷ ಕಳೆದಂತೆ ಅಷ್ಟು ಮಕ್ಕಳಿಗೆ ಸಾಲದು. ಉಳಿದ 15,600ನ್ನು ಮೊದಲ ರ್‍ಯಾಂಕಿಗೆ ಬಹುಮಾನವಾಗಿ ಕೊಡುವ ಬದಲು ಮಾಷ್ಟ್ರು ಏನು ಮಾಡುತ್ತಿದ್ದರೋ ಅದಕ್ಕೆ ಹಾಕಿ. ಸಂಜೆ ನಿಂತು ಗಣಿತ ಹೇಳಿಕೊಡುತ್ತಿದ್ದರೆ ಹಿಂದುಳಿದ ಮಕ್ಕಳ ಸಂಜೆ ಪಾಠಕ್ಕೆ, ಯಕ್ಷಗಾನ ಕಲಿಸುತ್ತಿದ್ದರೆ ಚೆಂಡೆ, ಮದ್ದಳೆಗೆ. ಖರ್ಚಿನ ಉದ್ದೇಶವನ್ನು ಸಂಘದ ನಡಾವಳಿಯಲ್ಲಿ ಬರೆದು, ಪ್ರತಿ ವರ್ಷದ ಲೆಕ್ಕವನ್ನು ವಾರ್ಷಿಕೋತ್ಸವದ ದಿನ ಶಾಲೆಯ ಸೂಚನಾ ಫಲಕದಲ್ಲಿ ಅಂಟಿಸಿ.