ಓಟಗಾರರ ತೊಡೆಯುರಿ: ಓದುಗರ ಪ್ರಶ್ನೆಗಳಿಗೆ ಚರ್ಮವೈದ್ಯರ ಉತ್ತರ

ಪ್ರಶ್ನೆ: ನನಗೆ 34 ವರ್ಷ. ಹಾಫ್ ಮ್ಯಾರಥಾನ್‌ಗಾಗಿ ತಯಾರಿ ನಡೆಸಿದ್ದೇನೆ. ಎಂಟು–ಹತ್ತು ಕಿಲೋಮೀಟರ್ ದಾಟಿದ ಮೇಲೆ ಎರಡೂ ತೊಡೆಗಳ ಒಳಭಾಗ ಉಜ್ಜಿ ಕೆಂಪಾಗುತ್ತದೆ. ಸ್ನಾನದ ನೀರು ತಾಗಿದರೆ ತಡೆಯಲಾರದ ಉರಿ. ಓಡುವ ಮೊದಲು ಟಾಲ್ಕಂ ಪೌಡರ್ ಹಾಕಿಕೊಳ್ಳುತ್ತೇನೆ, ಹತ್ತಿಯ ಚಡ್ಡಿಯನ್ನೇ ಧರಿಸುತ್ತೇನೆ. ಔಷಧಿ ಅಂಗಡಿಯಲ್ಲಿ ಕೇಳಿ ತಂದ ಮುಲಾಮಿನಿಂದ ಮೊದಲು ಹಿತವೆನಿಸಿತು. ಈಗ ತೊಡೆಸಂದಿನಲ್ಲಿ ತುರಿಕೆಯೂ ಶುರುವಾಗಿ, ಹಬ್ಬುತ್ತಿದೆ. ಓಟ ಬಿಡಬೇಕೇ?
– ಹೆಸರು ಬೇಡ, ಮಂಗಳೂರು

ಉತ್ತರ: ಓಟವನ್ನು ಬಿಡಬೇಕಾಗಿಲ್ಲ. ಪೌಡರನ್ನೂ ಹತ್ತಿಯ ಚಡ್ಡಿಯನ್ನೂ ಆ ಮುಲಾಮನ್ನೂ ಬಿಡಬೇಕು.

ಮೊದಲು ಕಾರಣವನ್ನು ನೋಡೋಣ. ಬೆವರಿನಿಂದ ಒದ್ದೆಯಾದ ಚರ್ಮದ ಹೊರಪದರ ಮೆತ್ತಗಾಗುತ್ತದೆ, ಮತ್ತು ತೇವವಿರುವ ಚರ್ಮ ಒಣ ಚರ್ಮಕ್ಕಿಂತ ಹೆಚ್ಚು ಅಂಟಿಕೊಂಡು ಉಜ್ಜುತ್ತದೆ. ಪ್ರತಿ ಹೆಜ್ಜೆಗೂ ತೊಡೆಗೆ ತೊಡೆ ತಾಗುವ ಓಟದಲ್ಲಿ ಈ ಉಜ್ಜಾಟ ಸಾವಿರಾರು ಬಾರಿ ನಡೆದು, ಹೊರಪದರ ಸವೆದು, ಒಳಗಿನ ಹಸಿ ಚರ್ಮ ತೆರೆದುಕೊಳ್ಳುತ್ತದೆ. ಬೆವರು ಆರಿದ ಕಡೆ ಉಳಿಯುವ ಉಪ್ಪಿನ ಹರಳುಗಳು ಆ ಗಾಯವನ್ನು ಇನ್ನಷ್ಟು ಕೆರೆಯುತ್ತವೆ. ನಿಮ್ಮ ಕರಾವಳಿಯ ಗಾಳಿಯಲ್ಲಿ ತೇವಾಂಶ ಹೆಚ್ಚಿರುವುದರಿಂದ ಬೆವರು ಬೇಗ ಆರುವುದಿಲ್ಲ. ಹೀಗಾಗಿ ಒಳನಾಡಿನ ಓಟಗಾರರಿಗಿಂತ ನಿಮಗೆ ಈ ತೊಂದರೆ ಬೇಗನೆ ಕಾಣಿಸಿಕೊಂಡರೆ ಆಶ್ಚರ್ಯವಿಲ್ಲ. ಇದು ದಪ್ಪಗಿರುವವರಿಗೆ ಮಾತ್ರ ಬರುವ ತೊಂದರೆಯೆಂದು ತಿಳಿದು ಎಷ್ಟೋ ಜನ ಸಂಕೋಚದಿಂದ ಯಾರಿಗೂ ಹೇಳದೆ ನೋವು ನುಂಗುತ್ತಾರೆ. ತೆಳ್ಳಗಿನ, ನುರಿತ ಓಟಗಾರರನ್ನೂ ಇದು ಬಿಡುವುದಿಲ್ಲ.

ಪೌಡರ್ ಮೊದಲ ಕೆಲವು ನಿಮಿಷ ಚರ್ಮವನ್ನು ಒಣದಾಗಿ ಇಡುತ್ತದೆ. ಬೆವರು ಹರಿಯತೊಡಗಿದ ಮೇಲೆ ಅದೇ ಪುಡಿ ಮುದ್ದೆಗಟ್ಟಿ ತೊಡೆಗಳ ನಡುವೆ ಮರಳಿನಂತೆ ಉಜ್ಜುತ್ತದೆ. ಹತ್ತಿಯ ಬಟ್ಟೆ ದಿನನಿತ್ಯದ ಉಡುಗೆಗೆ ಒಳ್ಳೆಯದಾದರೂ ಬೆವರನ್ನು ಹೀರಿ ತನ್ನಲ್ಲೇ ಹಿಡಿದಿಟ್ಟುಕೊಳ್ಳುವುದರಿಂದ ದೂರದ ಓಟಕ್ಕೆ ತಕ್ಕುದಲ್ಲ. ನೈಲಾನ್ ಅಥವಾ ಪಾಲಿಯೆಸ್ಟರ್ ಜೊತೆ ಸ್ಪಾಂಡೆಕ್ಸ್ ಎಂಬ ಹಿಗ್ಗುವ ನೂಲು ಬೆರೆತ, ಮೈಗೆ ಅಂಟಿಕೊಳ್ಳುವ, ತೊಡೆಯ ನಡುಭಾಗದವರೆಗೆ ಬರುವ ಬಿಗಿ ಶಾರ್ಟ್ಸ್ ಧರಿಸಿ. ಆಗ ಚರ್ಮಕ್ಕೆ ಚರ್ಮದ ಬದಲು ಬಟ್ಟೆಗೆ ಬಟ್ಟೆ ತಾಗುತ್ತದೆ. ಕೊಳ್ಳುವಾಗ ಅದನ್ನು ಒಳಮಗ್ಗುಲು ಹೊರಕ್ಕೆ ತಿರುಗಿಸಿ, ತೊಡೆಸಂದಿಗೆ ಬರುವ ಹೊಲಿಗೆ ಚಪ್ಪಟೆಯಾಗಿದೆಯೇ ಎಂದು ಬೆರಳಿನಿಂದ ಸವರಿ ನೋಡಿ. ಬೆವರಿದ ಬಟ್ಟೆಯನ್ನು ಒಗೆಯದೆ ಒಣಗಿಸಿ ಮತ್ತೆ ಧರಿಸಿದರೆ ಅದರಲ್ಲಿ ಉಳಿದ ಉಪ್ಪೇ ಸಾಕು ಚರ್ಮ ಕೆಡಿಸಲು. ಸ್ಪರ್ಧೆಯ ದಿನ ಹೊಸ ಬಟ್ಟೆ ಬೇಡ. ಆಯೋಜಕರು ಕೊಡುವ ಟೀ ಶರ್ಟ್‌ನ ಆಸೆಯನ್ನೂ ಆ ದಿನದ ಮಟ್ಟಿಗೆ ತಡೆದುಕೊಳ್ಳಿ.

ಓಡುವ ಮೊದಲು ಒಣ ಚರ್ಮದ ಮೇಲೆ ಪೆಟ್ರೋಲಿಯಂ ಜೆಲ್ಲಿಯನ್ನು ಧಾರಾಳವಾಗಿ ಹಚ್ಚಿಕೊಳ್ಳಿ. ಇದಕ್ಕಿಂತ ಅಗ್ಗದ, ನಂಬಬಹುದಾದ ಉಪಾಯವನ್ನು ನಾನು ಕಂಡಿಲ್ಲ. ಬಟ್ಟೆಗೆ ಜಿಡ್ಡು ಹಿಡಿಯುವುದು ಬೇಡವೆಂದರೆ ಓಟಗಾರರಿಗೆಂದೇ ಸಿಗುವ ಕಡ್ಡಿಯ ರೂಪದ ಲೇಪಗಳಿವೆ. ಯಾವುದನ್ನು ಹಚ್ಚಿದರೂ ಬೆವರಿನೊಂದಿಗೆ ಕ್ರಮೇಣ ಇಳಿದುಹೋಗುತ್ತದೆ. ಆದ್ದರಿಂದ 21 ಕಿಲೋಮೀಟರ್ ಓಟಕ್ಕೆ ಹೋಗುವಾಗ ಪುಟ್ಟ ಪೊಟ್ಟಣವೊಂದು ಜೇಬಿನಲ್ಲಿರಲಿ, ಉರಿಯ ಮೊದಲ ಸುಳಿವು ಸಿಕ್ಕಾಗಲೇ ನಿಂತು ಮತ್ತೆ ಹಚ್ಚಿಕೊಳ್ಳಿ.

ಚರ್ಮ ಈಗಾಗಲೇ ಕಿತ್ತಿದ್ದರೆ ಉಗುರುಬೆಚ್ಚಗಿನ ನೀರು ಮತ್ತು ಸೌಮ್ಯವಾದ ಸೋಪಿನಿಂದ, ತಿಕ್ಕದೆ, ಉಪ್ಪೆಲ್ಲ ಹೋಗುವಂತೆ ತೊಳೆದು, ಮೆತ್ತನೆಯ ಬಟ್ಟೆಯನ್ನು ಒತ್ತಿ ಒರೆಸಿಕೊಳ್ಳಿ. ಸ್ಪಿರಿಟ್, ನಿಂಬೆರಸ, ಕಟುವಾದ ನಂಜುನಿರೋಧಕ ದ್ರಾವಣ ಯಾವುದೂ ಬೇಡ. ಅವು ಉರಿಸುತ್ತವೆ, ಮಾಯಿಸುವುದಿಲ್ಲ. ಪೆಟ್ರೋಲಿಯಂ ಜೆಲ್ಲಿಯನ್ನೋ, ಮಕ್ಕಳ ಡಯಾಪರ್ ಗುಳ್ಳೆಗೆ ಬಳಸುವ ಜಿಂಕ್ ಆಕ್ಸೈಡ್ ಮುಲಾಮನ್ನೋ ಹಚ್ಚಿ, ಮನೆಯಲ್ಲಿ ಸಡಿಲವಾದ ಪಂಚೆಯನ್ನೋ ಲುಂಗಿಯನ್ನೋ ಉಟ್ಟುಕೊಳ್ಳಿ. ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಮಾಯುತ್ತದೆ. ಅಲ್ಲಿಯವರೆಗೆ ಓಟಕ್ಕೆ ರಜೆ ಕೊಡಿ. ಕೀವು, ಹೆಚ್ಚುತ್ತಿರುವ ಊತ, ಹಬ್ಬುವ ಕೆಂಪು ಅಥವಾ ಜ್ವರ ಕಂಡರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು. ಸಕ್ಕರೆ ಕಾಯಿಲೆ ಇರುವವರಂತೂ ಸಣ್ಣ ಗಾಯವೆಂದು ಕಡೆಗಣಿಸಬಾರದು.

ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಚಿಂತೆ ಹುಟ್ಟಿಸಿದ್ದು ಆ ಮುಲಾಮು. ಉಜ್ಜಿ ಆದ ಗಾಯದಲ್ಲಿ ಉರಿಯೇ ಮುಖ್ಯ, ಓಟ ನಿಲ್ಲಿಸಿದರೆ ಅದು ಇಳಿಯುತ್ತದೆ. ತುರಿಕೆ ಹೆಚ್ಚಿ, ಅಂಚು ಉಬ್ಬಿ, ಬಳೆಯ ಆಕಾರದಲ್ಲಿ ಹಬ್ಬುತ್ತಿದ್ದರೆ ಅದು ಗಜಕರ್ಣ, ಅಂದರೆ ಶಿಲೀಂಧ್ರದ ಸೋಂಕು ಆಗಿರಬಹುದು. ಸದಾ ತೇವವಾಗಿರುವ ತೊಡೆಸಂದು ಅದಕ್ಕೆ ಹೇಳಿ ಮಾಡಿಸಿದ ಜಾಗ. ನಮ್ಮಲ್ಲಿ ಚೀಟಿಯಿಲ್ಲದೆ ಕೈಗೆ ಬರುವ ಅನೇಕ ಮುಲಾಮುಗಳಲ್ಲಿ ಶಿಲೀಂಧ್ರನಾಶಕದ ಜೊತೆ ಕ್ಲೊಬೆಟಸಾಲ್, ಬೀಟಾಮೆಥಾಸೋನ್‌ನಂತಹ ಪ್ರಬಲ ಸ್ಟಿರಾಯ್ಡ್ ಬೆರೆತಿರುತ್ತದೆ. ಸ್ಟಿರಾಯ್ಡ್ ಕೆಂಪನ್ನೂ ತುರಿಕೆಯನ್ನೂ ಕೂಡಲೇ ಅಡಗಿಸುವುದರಿಂದ ಗುಣವಾಯಿತೆಂದು ತೋರುತ್ತದೆ, ಆದರೆ ಚರ್ಮದ ರೋಧಶಕ್ತಿ ಕುಗ್ಗಿ ಸೋಂಕು ಒಳಗೊಳಗೇ ಹಬ್ಬುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಅಳಿಸಲಾಗದ ಬಿರುಕುಗೆರೆಗಳೂ ಮೂಡುತ್ತವೆ. ಟ್ಯೂಬನ್ನು ಎಸೆಯದೆ ಕೈಯಲ್ಲಿ ಹಿಡಿದುಕೊಂಡೇ ಚರ್ಮವೈದ್ಯರನ್ನು ಕಾಣಿ. ಅವರು ಚರ್ಮದ ಹೊಟ್ಟನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಸೋಂಕನ್ನು ಖಚಿತಪಡಿಸಬಲ್ಲರು. ಆ ಮುಲಾಮನ್ನು ನಿಲ್ಲಿಸಿದ ಮೇಲೆ ಮೊದಲ ದಿನಗಳಲ್ಲಿ ಕೆಂಪು ಹೆಚ್ಚಬಹುದು. ಹೆದರಿ ಮತ್ತೆ ಅದನ್ನೇ ಹಚ್ಚಬೇಡಿ.

ಪ್ರಶ್ನೆ: ನಮ್ಮ ಯಜಮಾನರು ಭಾನುವಾರದ ದೀರ್ಘ ಓಟ ಮುಗಿಸಿ ಬಂದಾಗ ಬನಿಯನ್ನಿನ ಮೇಲೆ ಎದೆಯ ಎರಡೂ ಕಡೆ ರಕ್ತದ ಕಲೆ ಕಂಡು ಗಾಬರಿಯಾದೆ. ಇದು ಅಪಾಯದ ಸೂಚನೆಯೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಎರಡೂ ಕಡೆ, ಅದೂ ದೂರ ಓಡಿದ ದಿನ ಮಾತ್ರ ಹೀಗಾಗಿದ್ದರೆ ಅದು ಒದ್ದೆ ಬಟ್ಟೆ ಮೊಲೆತೊಟ್ಟಿಗೆ ಉಜ್ಜಿ ಆದ ಗಾಯ, ಗಂಡಸರಾದ ಓಟಗಾರರಲ್ಲಿ ಇದು ಅಪರೂಪವೇನಲ್ಲ. ಬನಿಯನ್ ಬಿಟ್ಟು ಹಗುರವಾದ, ಬೇಗ ಒಣಗುವ ಬಟ್ಟೆಯನ್ನು ಧರಿಸಲಿ. ಓಟದ ಮೊದಲು ಒಣ ಚರ್ಮದ ಮೇಲೆ, ಜೆಲ್ಲಿ ಹಚ್ಚದೆ, ಮೊಲೆತೊಟ್ಟಿಗೆ ನೀರು ತಾಗದ ಪ್ಲಾಸ್ಟರನ್ನು ಅಂಟಿಸಿಕೊಳ್ಳಲಿ. ಬಿಡಿಸುವಾಗ ಸ್ನಾನದ ನೀರಿನಲ್ಲಿ ನೆನೆಸಿ ಮೆಲ್ಲನೆ ತೆಗೆದರೆ ನೋವಾಗದು. ನೀವೂ ಓಡುವವರಾದರೆ, ಸ್ಪೋರ್ಟ್ಸ್ ಬ್ರಾದ ಕೆಳಪಟ್ಟಿ ಮತ್ತು ಕಂಕುಳ ಬಳಿಯ ಹೊಲಿಗೆ ತಾಗುವ ಕಡೆ ಜೆಲ್ಲಿ ಹಚ್ಚಿಕೊಳ್ಳಿ. ಓಡದ ದಿನಗಳಲ್ಲೂ ರಕ್ತ ಬಂದರೆ, ಒಂದೇ ಕಡೆಯಿಂದ ಸ್ರಾವವಾದರೆ ಅಥವಾ ಎದೆಯಲ್ಲಿ ಗಂಟು ಕೈಗೆ ಸಿಕ್ಕರೆ ಮಾತ್ರ ಉಜ್ಜಿದ ಗಾಯವೆಂದು ಸುಮ್ಮನಿರಬೇಡಿ. ಸ್ತನ ಕ್ಯಾನ್ಸರ್ ವಿರಳವಾಗಿಯಾದರೂ ಗಂಡಸರಿಗೂ ಬರುವುದರಿಂದ ಅಂಥ ಲಕ್ಷಣವನ್ನು ಶಸ್ತ್ರಚಿಕಿತ್ಸಕರಿಗೆ ತೋರಿಸಲೇಬೇಕು.